ಡಬ್ಬದ ಲೆಕ್ಕದಲ್ಲಿ ಕಲಿತ ಮಗ್ಗಿ

6ರಿಂದ 8ನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗ್ ಬಿಟ್ಟು ಬಡಗಿ, ಕುಂಬಾರ, ತೋಟಗಾರರ ಹತ್ತಿರ ಕಲಿಯಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ್ದನ್ನು ಒಂದು ಲೇಖನದಲ್ಲಿ ಓದಿ ಖುಷಿಯಾಯಿತು. ಆದರೆ ಹತ್ತೇ ದಿನವಾ?

ನಮ್ಮದು ತೀರ್ಥಹಳ್ಳಿ ಕಡೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರೆಲ್ಲ ಅಡಿಕೆ ಸುಲಿಯಲು ಕೂರುತ್ತಿದ್ದರು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮಕ್ಕಳ ಕೈಗೆ ಕೊಡುತ್ತಿರಲಿಲ್ಲ. ಗೊನೆಯಿಂದ ಕಾಯಿ ಬಿಡಿಸುವುದು, ಸಿಪ್ಪೆ ಹೊರಗೆ ಹಾಕುವುದು, ಕೂಲಿ ಲೆಕ್ಕಕ್ಕೆ ಯಾರು ಎಷ್ಟು ಡಬ್ಬ ಸುಲಿದರು ಎಂದು ಬರೆದಿಡುವುದು ನಮ್ಮ ಪಾಲು. ಮಗ್ಗಿ ಶಾಲೆಯಲ್ಲೇ ಬಾಯಿಪಾಠ ಆಗಿತ್ತು. ಅದು ಯಾಕೆ ಬೇಕು ಅಂತ ಗೊತ್ತಾಗಿದ್ದು ಆ ಲೆಕ್ಕದ ಪುಸ್ತಕದಲ್ಲಿ. ಒಂದು ಡಬ್ಬ ಜಾಸ್ತಿ ಬರೆದರೆ ಅಪ್ಪ ಬೈಯುತ್ತಿದ್ದರು, ಕಡಿಮೆ ಬರೆದರೆ ಸುಲಿದವರು! ಅಡಿಕೆಯ ಚೊಗರು, ಅಂದರೆ ಕಲೆಯಾಗುವ ರಸ, ಹತ್ತಿ ಕೈಯೆಲ್ಲ ಕಪ್ಪು. ಸೋಪಿಗೆ ಹೋಗುವ ಕಪ್ಪಲ್ಲ ಅದು.

ಬೇಯಿಸಿ ಒಣಗಿಸಿದ ಮೇಲೆ ಅಡಿಕೆಯನ್ನು ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆವಾರು ಬೇರೆ ಮಾಡುವುದನ್ನು ಯಾರೂ ಹೇಳಿಕೊಡಲಿಲ್ಲ. ನಾನು ತಪ್ಪು ಗುಡ್ಡೆಗೆ ಹಾಕಿದ್ದನ್ನು ಅಮ್ಮ ಸುಮ್ನೆ ಎತ್ತಿ ಪಕ್ಕದ ಗುಡ್ಡೆಗೆ ಹಾಕುತ್ತಿದ್ದಳು. ಹಾಗೇ ಕಣ್ಣು ಪಳಗಿತು.

ಇದು ಬಾಲಕಾರ್ಮಿಕತನ ಅಲ್ವಾ ಅಂತ ಕೇಳಬಹುದು. ಶಾಲೆ ತಪ್ಪಿಸಿದರೆ ಖಂಡಿತ ಹೌದು. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗುವುದಕ್ಕೆ 2016ರ ಕಾನೂನು ತಿದ್ದುಪಡಿಯೂ ಅವಕಾಶ ಕೊಟ್ಟಿದೆ.

ಈಗ ಸುಲಿಯುವ ಮೆಷಿನ್ ಬಂದಿದೆ. ಬೆಂಗಳೂರಿನ ಫ್ಲಾಟಿನಲ್ಲಿ ನನ್ನ ಮಗಳಿಗೆ ಸಿಕ್ಕಿದ್ದು ಕುಕ್ಕರಿನ ಗ್ಯಾಸ್ಕೆಟ್ ಬದಲಿಸುವ ಕೆಲಸ. ಮೊದಲ ಸಲ ಸರಿಯಾಗಿ ಕೂರಿಸದೆ ಸೀಟಿಯೇ ಬರಲಿಲ್ಲ. ಒಲೆ ಆರಿಸಿ, ತಣ್ಣಗಾಗುವವರೆಗೆ ಕಾದು, ಅವಳೇ ಬಿಚ್ಚಿ ಸರಿ ಮಾಡಿದಳು.