ಬರಿಗೈ ಬಂಡವಾಳ

ನಮ್ಮ ಮನೆಗೆ ಗ್ಯಾರೇಜ್ ಇಲ್ಲ. ಕಾರೇ ಇಲ್ಲದವನಿಗೆ ಗ್ಯಾರೇಜ್ ಯಾಕೆ ಅಂತ ಇಷ್ಟು ವರ್ಷ ಸುಮ್ಮನಿದ್ದೆ. ಸ್ವಂತ ಬಿಸಿನೆಸ್ ಮಾಡೋಣ ಎಂದು ಹೊರಟ ಮೇಲೆಯೇ ಗೊತ್ತಾಗಿದ್ದು, ನಾನು ಉದ್ಧಾರ ಆಗದೇ ಇರೋದಕ್ಕೆ ಇದೇ ಕಾರಣ.

ನನ್ನ ಐಡಿಯಾ ದೊಡ್ಡದೇನಲ್ಲ. ಬ್ಯಾಗ್ ರಿಪೇರಿ. ಬ್ಯಾಗ್ ಮೊದಲು ಕೈಕೊಡುವುದು ಜಿಪ್ಪಿನಲ್ಲಿ. ಜಿಪ್ ಕೈಕೊಡುವುದು ಹೆಚ್ಚಾಗಿ ರನ್ನರಿನಲ್ಲಿ. ಎಳೆದೆಳೆದು ರನ್ನರಿನ ಬಾಯಿ ಅಗಲವಾಗುತ್ತದೆ. ಆಮೇಲೆ ಹಲ್ಲಿಗೆ ಹಲ್ಲು ಸಿಗುವುದಿಲ್ಲ. ಮುಂದೆ ಹಾಕಿಕೊಂಡು ಹೋದ ಹಾಗೆ ಹಿಂದಿನಿಂದ ಬಿಚ್ಚಿಕೊಂಡು ಬರುತ್ತದೆ. ಇಕ್ಕಳದಲ್ಲಿ ರನ್ನರಿನ ಎರಡೂ ಪಕ್ಕ ಹದವಾಗಿ ಒತ್ತಿದರೆ ಎಷ್ಟೋ ಜಿಪ್‌ಗಳು ಎದ್ದು ಕೂರುತ್ತವೆ. ಸ್ವಲ್ಪ ಜಾಸ್ತಿ ಒತ್ತಿದರೆ ರನ್ನರ್ ಮುರಿದು ಎರಡು ಚೂರು. ಆ ಹದ ನನ್ನ ಕೈಗೆ ಬಂದಿದೆ. ಬೇಕಾಗಿದ್ದು ಒಂದು ಸೆಕೆಂಡ್ ಹ್ಯಾಂಡ್ ಹೊಲಿಗೆ ಮೆಷಿನ್, ಒಂದಷ್ಟು ರನ್ನರು, ದಪ್ಪ ನೂಲು, ಕೂರೋದಕ್ಕೆ ಒಂದು ಮೂಲೆ. ಅಷ್ಟಕ್ಕೂ ಪೂರ್ತಿ ಸಾಲದಷ್ಟು ದುಡ್ಡು ನನ್ನ ಹತ್ತಿರ ಇತ್ತು.

ಇದನ್ನು ಭಾವಮೈದುನನ ಹತ್ತಿರ ಹೇಳಿದ್ದು ನನ್ನ ಮೊದಲ ತಪ್ಪು.

ಅವನು ಸದ್ಯಕ್ಕೆ ಯಾವ ಬಿಸಿನೆಸ್ಸನ್ನೂ ಮಾಡುತ್ತಿಲ್ಲ. ಹಾಗಾಗಿ ಎಲ್ಲ ಬಿಸಿನೆಸ್ ಬಗ್ಗೆಯೂ ಗೊತ್ತು. "ಭಾವ, ದುಡ್ಡು ಮುಖ್ಯ ಅಲ್ಲವೇ ಅಲ್ಲ. ಮನಸ್ಸು ಮುಖ್ಯ. ಆಪಲ್ ಶುರುವಾಗಿದ್ದು ಎಲ್ಲಿ ಹೇಳಿ? ಗ್ಯಾರೇಜಿನಲ್ಲಿ. ಬರಿಗೈಯಲ್ಲಿ!" ಎಂದು ತನ್ನ ಎರಡೂ ಬರಿಗೈಗಳನ್ನು ನನ್ನ ಮುಖದ ಮುಂದೆ ಹಿಡಿದ. ಬರಿಗೈಯಲ್ಲೇ ಬಿಸಿನೆಸ್ ಶುರು ಮಾಡೋದು ಹೇಗೆ ಎಂಬ ಮೂರು ದಿನದ ಶಿಬಿರ ಇದೆಯಂತೆ, ಹೋಗಿ ಬನ್ನಿ ಎಂದ. ಫೀಸು ವಿಚಾರಿಸಿದೆ. ಹೊಲಿಗೆ ಮೆಷಿನ್‌ಗಿಂತ ಸ್ವಲ್ಪ ಜಾಸ್ತಿ. ಅಲ್ಲಿಗೆ ಹೋಗಿ ಬಂದರೆ ಕೈ ಬರಿದಾಗುವುದಂತೂ ಗ್ಯಾರಂಟಿ. ಕಲಿಸುವವರು ಹೇಳಿದ ಮಾತಿಗೆ ತಪ್ಪುವವರಲ್ಲ.

ನಾನು ಹೋಗಲಿಲ್ಲ, ಅವನು ಹೋದ. ನಾನು ಮನೆಯಲ್ಲೇ ಕೂತು ಆ ಗ್ಯಾರೇಜುಗಳ ಕಥೆ ಓದಿದೆ.

ಗ್ಯಾರೇಜ್ ವಂಶದ ಮೂಲಪುರುಷರು ಹ್ಯೂಲೆಟ್ ಮತ್ತು ಪ್ಯಾಕರ್ಡ್. 1939ರಲ್ಲಿ ಅಮೆರಿಕದ ಪಾಲೊ ಆಲ್ಟೊ ಊರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಕಂಪನಿ ಶುರು ಮಾಡಿದರು. ಬಂಡವಾಳ 538 ಡಾಲರ್. ಈಗ ಆ ಗ್ಯಾರೇಜಿನ ಮುಂದೆ ಫಲಕ ಇದೆ, ಅದು ಸಿಲಿಕಾನ್ ವ್ಯಾಲಿಯ ಜನ್ಮಸ್ಥಳ ಎಂದು. ಮುಂದೆ ಕಂಪನಿ ಆ ಮನೆಯನ್ನೇ ಕೊಂಡುಕೊಂಡಿತು. ಒಂದು ಕಾರೂ ನಿಲ್ಲದ ಗ್ಯಾರೇಜಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಸಂತೋಷವೇ.

ಆಮೇಲೆ ಆಪಲ್. 1976. ಅದನ್ನು ಕಟ್ಟಿದ ಸ್ಟೀವ್ ಜಾಬ್ಸ್ ತಮ್ಮ ಫೋಕ್ಸ್‌ವ್ಯಾಗನ್ ವ್ಯಾನ್ ಮಾರಿದರು, ಜೊತೆಗಾರ ಸ್ಟೀವ್ ವೋಜ್ನಿಯಾಕ್ ತಮ್ಮ ಕ್ಯಾಲ್ಕುಲೇಟರ್ ಮಾರಿದರು. ಕಥೆ ಹೇಳುವವರು ಇಲ್ಲಿಗೆ ಬಂದಾಗ ಗಂಟಲು ಕಟ್ಟಿ ನಿಲ್ಲಿಸುತ್ತಾರೆ. ನಿಲ್ಲಿಸದೆ ಮುಂದಿನ ಪುಟ ತಿರುಗಿಸಿದರೆ, ಮರುವರ್ಷವೇ ಮೈಕ್ ಮಾರ್ಕುಲಾ ಎಂಬ ಪುಣ್ಯಾತ್ಮ ಎರಡೂವರೆ ಲಕ್ಷ ಡಾಲರ್ ತಂದಿಡುತ್ತಾರೆ. ಮಾರಿದ ಕ್ಯಾಲ್ಕುಲೇಟರ್ ಕೂಡ ಅಂಥಿಂಥದ್ದಲ್ಲ, ಎಚ್‌ಪಿ, ಅಂದರೆ ಅದೇ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯದು. ವೋಜ್ನಿಯಾಕ್ ಆಗ ಅದೇ ಕಂಪನಿಯಲ್ಲಿ ಸಂಬಳಕ್ಕಿದ್ದರು. ಅಂದರೆ ಒಂದು ಗ್ಯಾರೇಜಿನ ಸಂಬಳ ತಿಂದು ಇನ್ನೊಂದು ಗ್ಯಾರೇಜ್ ಎದ್ದಿದ್ದು. ಆಮೇಲೆ 2014ರಲ್ಲಿ ಅವರೇ ಬಾಯಿಬಿಟ್ಟು ಹೇಳಿಬಿಟ್ಟರು: ಆ ಗ್ಯಾರೇಜ್ ಕಥೆ ಸ್ವಲ್ಪ ಕಟ್ಟುಕಥೆಯೇ, ಅಲ್ಲಿ ನಾವು ಡಿಸೈನೂ ಮಾಡಲಿಲ್ಲ, ತಯಾರಿಕೆಯೂ ನಡೆಯಲಿಲ್ಲ ಎಂದು. ಭಾವಮೈದುನನಿಗೆ ಇದನ್ನು ತೋರಿಸಿದೆ. "ವೋಜ್ನಿಯಾಕ್‌ಗೆ ಗ್ರೋತ್ ಮೈಂಡ್‌ಸೆಟ್ ಇಲ್ಲ ಭಾವ" ಎಂದ.

ಅಮೆಜಾನ್ ಕೂಡ ಗ್ಯಾರೇಜಿನದ್ದೇ, 1994. ಅದನ್ನು ಶುರು ಮಾಡಿದ ಜೆಫ್ ಬೆಜೋಸ್ ಅವರ ಅಪ್ಪ ಅಮ್ಮ ಮರುವರ್ಷ ಹಾಕಿದ ದುಡ್ಡು 2,45,573 ಡಾಲರ್. ಆ ಕೊನೆಯ ಎಪ್ಪತ್ತಮೂರು ಡಾಲರ್ ನೋಡಿ ನನಗೆ ತುಂಬಾ ಆತ್ಮೀಯ ಅನ್ನಿಸಿತು. ಆ ಎಪ್ಪತ್ತಮೂರರಷ್ಟು ನಮ್ಮಪ್ಪನೂ ಕೊಟ್ಟಾರು, ಯಾಕೆ ಏನು ಅಂತ ಒಂದು ವಾರ ವಿಚಾರಣೆ ಮಾಡಿದ ಮೇಲೆ.

ಗೂಗಲ್ ಕಥೆ ಇನ್ನೂ ಚೆನ್ನಾಗಿದೆ. 1998ರಲ್ಲಿ ಆ್ಯಂಡಿ ಬೆಕ್ಟೋಲ್‌ಶೈಮ್ ಎಂಬುವವರು ಅದನ್ನು ಕಟ್ಟಲು ಹೊರಟಿದ್ದ ಇಬ್ಬರು ಹುಡುಗರಿಗೆ ಒಂದು ಲಕ್ಷ ಡಾಲರಿನ ಚೆಕ್ ಬರೆದು ಕೊಟ್ಟರು. ಕಂಪನಿ ಹೆಸರಿಗೆ. ಆದರೆ ಕಂಪನಿ ಇನ್ನೂ ಹುಟ್ಟೇ ಇರಲಿಲ್ಲ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರು ಅಂತ ನಾವು ಬೈಯುತ್ತೇವೆ ನೋಡಿ, ಅಲ್ಲಿ ಕುಲಾವಿಯನ್ನು ನೋಡಿ ಕೂಸು ಹುಟ್ಟಿತು. ಕಂಪನಿ ರಿಜಿಸ್ಟರ್ ಆಗುವ ತನಕ ಚೆಕ್ ಡ್ರಾಯರಿನಲ್ಲಿ ಕಾಯುತ್ತಾ ಕೂತಿತ್ತಂತೆ. ಗ್ಯಾರೇಜ್ ಬಂದಿದ್ದು ಆಮೇಲೆ.

ಅಂದರೆ ಬರಿಗೈ ಅಂತ ಹೇಳುತ್ತಾರಲ್ಲ, ಆ ಕೈಯನ್ನು ತಿರುಗಿಸಿ ನೋಡಿದರೆ ಹಿಂದುಗಡೆ ಏನೋ ಒಂದು ಅಂಟಿಕೊಂಡಿರುತ್ತದೆ. ಒಬ್ಬರಿಗೆ ಅಪ್ಪ, ಒಬ್ಬರಿಗೆ ಚೆಕ್ಕು, ಒಬ್ಬರಿಗೆ ಪರಿಚಯ. ಏನೂ ಇಲ್ಲದಿದ್ದರೂ ಗ್ಯಾರೇಜ್ ಇರುತ್ತದೆ. ಅದು ಇರಬೇಕಾದರೆ ಮನೆ ಇರಬೇಕು ಎನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಓದಿ ಬುದ್ಧಿ ಬಂದು, ನಾನು ಸಾಲಕ್ಕೆ ಹೋದೆ. ಯಾವ ಬ್ಯಾಂಕು ಎನ್ನುವುದು ಬೇಡ, ಎಲ್ಲವಕ್ಕೂ ಒಂದೇ ನಮೂನೆಯ ಫಾರಂ. ಸಾಹೇಬರು ಮರ್ಯಾದೆಯಿಂದಲೇ ಕೂರಿಸಿದರು.

"ಮೂರು ವರ್ಷದ ಲಾಭ ನಷ್ಟದ ಪಟ್ಟಿ ತಂದಿದ್ದೀರಾ?"

"ಸರ್, ಬಿಸಿನೆಸ್ ಇನ್ನೂ ಶುರುವಾಗಿಲ್ಲ. ಅದಕ್ಕೇ ಸಾಲ ಬೇಕಾಗಿರೋದು."

"ಅದು ಸರಿ. ಆದರೆ ನಡೀತಿರೋ ಬಿಸಿನೆಸ್ಸಿಗೆ ಮಾತ್ರ ಸಾಲ. ಅಡಮಾನಕ್ಕೆ ಏನಿದೆ?"

"ಸದ್ಯಕ್ಕೆ ಏನೂ ಇಲ್ಲ."

"ಮನೆ, ಜಾಗ, ಡೆಪಾಸಿಟ್ಟು?"

"ಡೆಪಾಸಿಟ್ ಇದ್ದಿದ್ದರೆ ಇಲ್ಲಿಗೆ ಬರ್ತಿರಲಿಲ್ಲ ಸರ್."

"ಇಲ್ಲದವರು ಬಂದರೆ ನಾವು ಕೊಡೋಕೆ ಆಗಲ್ಲ ಸರ್." ಅವರೂ ನನ್ನನ್ನು ಸರ್ ಎಂದರು. ಸಾಲ ಸಿಗುವುದಿಲ್ಲ ಎನ್ನುವುದು ಅಲ್ಲೇ ಖಾತ್ರಿಯಾಯಿತು.

ಹುಚ್ಚು ಬಿಡದ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ. ಈ ಗಾದೆ ಕಟ್ಟಿದವನು ಖಂಡಿತ ಸಾಲಕ್ಕೆ ಅರ್ಜಿ ಹಾಕಿ ಬಂದವನೇ ಇರಬೇಕು.

ಬರುವಾಗ ಸಾಹೇಬರು ಒಂದು ಸಲಹೆ ಕೊಟ್ಟರು. ನಿಮ್ಮಂಥವರಿಗೆ ಹೂಡಿಕೆದಾರರೇ ಸರಿ, ಅವರು ಅಡಮಾನ ಕೇಳಲ್ಲ, ಐಡಿಯಾ ಕೇಳ್ತಾರೆ ಎಂದು. ಭಾವಮೈದುನ ಅಷ್ಟರಲ್ಲಿ ಶಿಬಿರ ಮುಗಿಸಿ ಬಂದಿದ್ದ. ಅವನೇ ಯಾರನ್ನೋ ಹಿಡಿದು ವಿಡಿಯೊ ಕಾಲಿನಲ್ಲಿ ಒಬ್ಬ ಹೂಡಿಕೆದಾರರ ಮುಂದೆ ಕೂರಿಸಿದ. ಆ ಹುಡುಗನಿಗೆ ಹೆಚ್ಚೆಂದರೆ ಇಪ್ಪತ್ತೈದು ವಯಸ್ಸು.

"ಇದು ಸ್ಕೇಲ್ ಆಗುತ್ತಾ?" ಎಂದು ಕೇಳಿದರು.

"ಒಂದು ದಿನಕ್ಕೆ ಹದಿನೈದು ಬ್ಯಾಗ್ ತನಕ ಮಾಡಬಹುದು."

"ಬರ್ನ್ ರೇಟ್ ಎಷ್ಟು?"

"ನೂಲಿನ ತುದಿ ಸುಡೋಕೆ ಒಂದು ಮೇಣದಬತ್ತಿ. ಬೇರೆ ಏನೂ ಸುಡಲ್ಲ."

"ಎಕ್ಸಿಟ್ ಪ್ಲಾನ್?"

"ಸಂಜೆ ಏಳಕ್ಕೆ ಬಾಗಿಲು ಹಾಕ್ತೀನಿ."

ಸ್ಕೇಲ್ ಎಂದರೆ ವ್ಯಾಪಾರ ಭಾರೀ ದೊಡ್ಡದಾಗಿ ಬೆಳೆಯುವುದು, ಬರ್ನ್ ರೇಟ್ ಎಂದರೆ ತಿಂಗಳಿಗೆ ಕರಗುವ ದುಡ್ಡು, ಎಕ್ಸಿಟ್ ಎಂದರೆ ಹೂಡಿಕೆದಾರರು ಪಾಲು ಮಾರಿ ಹೊರಬೀಳುವುದು ಎಂದು ಭಾವಮೈದುನ ಹೇಳಿದ್ದು ಕಾಲ್ ಮುಗಿದ ಮೇಲೆ. ಆಮೇಲೆ ಲಾಭ ಯಾವಾಗ ಬರುತ್ತೆ ಎಂದು ಕೇಳಿದರು. ಮೊದಲ ದಿನವೇ ಎಂದೆ. ಅವರ ಮುಖ ಸಪ್ಪಗಾಯಿತು. ಮೊದಲ ದಿನವೇ ಲಾಭ ಬರುತ್ತದೆ ಎಂದರೆ ದೊಡ್ಡದಾಗಿ ಯೋಚನೆ ಮಾಡುತ್ತಿಲ್ಲ ಎಂದರ್ಥವಂತೆ. ಅಮೆಜಾನ್‌ಗೆ ಪೂರ್ತಿ ಒಂದು ವರ್ಷ ಲಾಭ ಅಂತ ಬಂದಿದ್ದು 2003ರಲ್ಲಿ ಅಲ್ವಾ? ಒಂಬತ್ತು ವರ್ಷ ಲಾಭ ಇಲ್ಲದೆ ನಡೆಸಿದರೆ ಅದು ದೂರದೃಷ್ಟಿ. ನಾನು ಒಂಬತ್ತು ವಾರ ಹಾಗೆ ನಡೆಸಿದರೆ ಮನೆಯವಳು ಅದಕ್ಕೆ ಇಡುವ ಹೆಸರೇ ಬೇರೆ.

ಅವರಿಗೆ ಬೇಕಾಗಿದ್ದು ಎಂಥ ಐಡಿಯಾ ಎನ್ನುವುದಕ್ಕೆ ಆಮೇಲೆ ಒಂದು ಉದಾಹರಣೆ ಸಿಕ್ಕಿತು. ಅದನ್ನು ಹೇಳದೆ ಇರಲಾರೆ, ಯಾಕೆಂದರೆ ಅದೂ ಒಂದು ಬ್ಯಾಗಿನ ವಿಷಯವೇ. ಜ್ಯೂಸೆರೊ ಅಂತ ಅಮೆರಿಕದಲ್ಲಿ ಒಂದು ಕಂಪನಿ ಇತ್ತು. ಕತ್ತರಿಸಿದ ಹಣ್ಣು ತರಕಾರಿ ತುಂಬಿದ ಚೀಲ ಅವರೇ ಮಾರುತ್ತಿದ್ದರು, ಅದನ್ನು ಒತ್ತಿ ರಸ ತೆಗೆಯುವ ವೈಫೈ ಇರುವ ಮೆಷಿನ್ನನ್ನೂ ಅವರೇ ಮಾರುತ್ತಿದ್ದರು. ಮೊದಲು 699 ಡಾಲರ್, ಆಮೇಲೆ ಕರುಣೆ ಬಂದು 399. ಹೂಡಿಕೆದಾರರು ಹಾಕಿದ್ದು ಸುಮಾರು 12 ಕೋಟಿ ಡಾಲರ್. 2017ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಪತ್ರಕರ್ತರು ಆ ಚೀಲವನ್ನು ಸುಮ್ನೆ ಕೈಯಲ್ಲಿ ಹಿಂಡಿ ನೋಡಿದರು. ರಸ ಬಂತು. ಹೆಚ್ಚುಕಡಿಮೆ ಮೆಷಿನ್ನಿನಷ್ಟೇ ಬಂತು. ಸೆಪ್ಟೆಂಬರ್‌ನಲ್ಲಿ ಕಂಪನಿ ಬಾಗಿಲು ಹಾಕಿತು.

ಬರಿಗೈಯಲ್ಲಿ ಶುರು ಮಾಡಿದವರ ಕಥೆ ಎಲ್ಲರೂ ಹೇಳುತ್ತಾರೆ. ಬರಿಗೈಯಲ್ಲಿ ಮುಗಿಸಿದ ಕಥೆ ಇದೊಂದೇ ನನಗೆ ಗೊತ್ತಿರುವುದು.

ಇದನ್ನೂ ಭಾವಮೈದುನನಿಗೆ ಹೇಳಿದೆ. ಅವನು ಬೆಚ್ಚಲಿಲ್ಲ. ಸೋಲಬೇಕು ಭಾವ, ಬೇಗ ಸೋಲಬೇಕು, ಪದೇ ಪದೇ ಸೋಲಬೇಕು ಎಂದ. ಶಿಬಿರದ ಎರಡನೇ ದಿನ ಪೂರ್ತಿ ಸೋಲಿನದ್ದೇ ಪಾಠವಂತೆ. ನಾನು ಕೂತು ಲೆಕ್ಕ ಹಾಕಿದೆ. ಮೆಷಿನ್ನು, ರನ್ನರು, ಎರಡು ತಿಂಗಳ ಬಾಡಿಗೆ. ನನ್ನ ಹತ್ತಿರ ಇದ್ದ ದುಡ್ಡಿಗೆ ಮುಕ್ಕಾಲು ಸೋಲು ಮಾತ್ರ ಸಿಗುತ್ತಿತ್ತು. ಪೂರ್ತಿ ಒಂದು ಸೋಲಿಗೂ ಕೈಸಾಲ ಬೇಕು. ಪದೇ ಪದೇ ಸೋಲುವುದಕ್ಕೆ ಬೇಕಾದ ಬಂಡವಾಳ ಯಾರ ಹತ್ತಿರ ಇರುತ್ತದೋ ಅವರು ಮೊದಲ ಸಲವೇ ಯಾಕೆ ಗೆಲ್ಲುವುದಿಲ್ಲ ಎನ್ನುವುದು ನನಗೆ ಈಗಲೂ ಅರ್ಥವಾಗಿಲ್ಲ. ಅಮೆರಿಕದ ಕಾರ್ಮಿಕ ಇಲಾಖೆಯ ಲೆಕ್ಕದಲ್ಲಿ ಹೊಸ ವ್ಯಾಪಾರಗಳಲ್ಲಿ ಐದರಲ್ಲಿ ಒಂದು ವರ್ಷ ತುಂಬುವುದರೊಳಗೆ ಮುಚ್ಚುತ್ತದೆ, ಐದು ವರ್ಷಕ್ಕೆ ಹೆಚ್ಚುಕಡಿಮೆ ಅರ್ಧ. ಶಿಬಿರದ ವೇದಿಕೆ ಮೇಲೆ ಆ ಅರ್ಧದವರಿಗೆ ಕುರ್ಚಿ ಹಾಕಿದ್ದರಾ ಎಂದು ಕೇಳಿದೆ. ನೆಗೆಟಿವ್ ಮಾತಾಡಬೇಡಿ ಎಂದ.

ಫೆಡೆಕ್ಸ್ ಎಂಬ ಕೊರಿಯರ್ ಕಂಪನಿಯ ಕಥೆ ಅವನಿಗೆ ಬಲು ಇಷ್ಟ. ಕಂಪನಿಯ ಖಾತೆಯಲ್ಲಿ ಕೊನೆಗೆ 5,000 ಡಾಲರ್ ಉಳಿದಿತ್ತು, ವಿಮಾನಕ್ಕೆ ಇಂಧನ ಹಾಕಿಸೋಕೂ ಸಾಲದು. ಕಂಪನಿ ಕಟ್ಟಿದ ಫ್ರೆಡ್ ಸ್ಮಿತ್ ಅದನ್ನು ತೆಗೆದುಕೊಂಡು ಲಾಸ್ ವೇಗಸ್‌ಗೆ ಹೋಗಿ ಜೂಜಾಡಿ 27,000 ಮಾಡಿಕೊಂಡು ಬಂದರು. ಇದನ್ನು ಎದೆಗಾರಿಕೆ ಎಂದು ಹೇಳಿಕೊಡುತ್ತಾರಂತೆ. ಅದೇ ಕೆಲಸ ನಾನು ಮಾಡಿದ್ದರೆ ಅಕ್ಕನನ್ನು ಕರೆದುಕೊಂಡು ಹೋಗಲು ಮೊದಲು ಬರುತ್ತಿದ್ದವನು ಇವನೇ.

ಇನ್ನೊಂದು ಕಥೆಯಲ್ಲೂ ಇಪ್ಪತ್ತೇಳು ಬರುತ್ತದೆ. 1976, ಅಂದರೆ ಜಾಬ್ಸ್ ವ್ಯಾನ್ ಮಾರಿದ ವರ್ಷವೇ. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಬಿದಿರಿನ ಸ್ಟೂಲು ಹೆಣೆಯುವವರು ಬಿದಿರು ಕೊಳ್ಳೋಕೂ ದುಡ್ಡಿಲ್ಲದೆ ವ್ಯಾಪಾರಿಗಳ ಸಾಲದಲ್ಲಿ ಸಿಕ್ಕಿದ್ದರು. ಮಹಮ್ಮದ್ ಯೂನುಸ್ ಎಂಬ ಮೇಷ್ಟರು ಲೆಕ್ಕ ಹಾಕಿಸಿ ನೋಡಿದರೆ, 42 ಜನಕ್ಕೆ ಒಟ್ಟು ಬೇಕಾಗಿದ್ದು 27 ಡಾಲರ್. ಜೇಬಿನಿಂದ ತೆಗೆದು ಕೊಟ್ಟರು. ಆಮೇಲೆ ಬ್ಯಾಂಕಿಗೆ ಹೋಗಿ ಇವರಿಗೆ ಸಾಲ ಕೊಡಿ ಎಂದರೆ, ಅಡಮಾನಕ್ಕೆ ಏನಿದೆ ಎಂಬ ಅದೇ ಪ್ರಶ್ನೆ. ಕೊನೆಗೆ ಮೇಷ್ಟರೇ ಜಾಮೀನು ಹಾಕಬೇಕಾಯಿತು. ಒಂದು ಇಪ್ಪತ್ತೇಳು, ಇನ್ನೊಂದು ಇಪ್ಪತ್ತೇಳು ಸಾವಿರ. ಮಧ್ಯೆ ಇರುವುದು ಬರೀ ಮೂರು ಶೂನ್ಯ. ಶೂನ್ಯ ಬಂಡವಾಳ ಎಂದರೆ ಇದೇ ಇರಬೇಕು, ನಾನೇ ತಪ್ಪಾಗಿ ತಿಳಿದುಕೊಂಡಿದ್ದೆ. ಭಾವಮೈದುನನ ಶಿಬಿರದಲ್ಲಿ ಸ್ಟೂಲು ಹೆಣೆಯುವವರ ಸುದ್ದಿ ಬರಲಿಲ್ಲವಂತೆ. ಅವರು ಯಾರೂ ಕೋಟ್ಯಧಿಪತಿ ಆಗಲಿಲ್ಲವಲ್ಲ, ಸುಮ್ನೆ ಬದುಕಿಕೊಂಡರು.

ಕೊನೆಗೆ ಹೊಲಿಗೆ ಮೆಷಿನ್ ತಂದೆ. ಮನೆಯವಳು ತನ್ನ ಉಳಿತಾಯದಿಂದ ಕಾಲು ಭಾಗ ಹಾಕಿದಳು, ಪ್ರತಿ ಶನಿವಾರ ಲೆಕ್ಕ ಒಪ್ಪಿಸಬೇಕು ಎಂಬ ಷರತ್ತಿನ ಮೇಲೆ. ಅಂಥ ಬಿಗಿ ಹೂಡಿಕೆದಾರರನ್ನು ಯಾವ ಗ್ಯಾರೇಜಿನವನೂ ಕಂಡಿರಲಾರ. ಮೆಷಿನ್ನನ್ನು ಮೆಟ್ಟಿಲ ಕೆಳಗಿನ ಜಾಗದಲ್ಲಿ ಇಟ್ಟಿದ್ದೇನೆ. ಸರಿಯಾಗಿ ನಿಂತರೆ ತಲೆ ಹೊಡೆಯುತ್ತದೆ. ಮುಂದೆ ಫಲಕ ಹಾಕಿಸುವವರು ಸ್ವಲ್ಪ ತಗ್ಗಿಸಿ ಹಾಕಿಸಬೇಕು.

ಮೊದಲ ಗಿರಾಕಿ ಭಾವಮೈದುನನೇ. ಶಿಬಿರದಲ್ಲಿ ಎಲ್ಲರಿಗೂ ಒಂದೊಂದು ಬ್ಯಾಗ್ ಕೊಟ್ಟಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ "ನಿನ್ನಿಂದ ಆಗುತ್ತೆ!" ಎಂದು ಬರೆದಿತ್ತು. ಜಿಪ್‌ನಿಂದ ಆಗುತ್ತಿರಲಿಲ್ಲ. ಎರಡನೇ ವಾರಕ್ಕೇ ಬಾಯಿ ಬಿಟ್ಟಿತ್ತು. ಇಕ್ಕಳ ತೆಗೆದುಕೊಂಡೆ. ಈ ಕಡೆ ಒಂದು ಒತ್ತು, ಆ ಕಡೆ ಒಂದು ಒತ್ತು, ಹಲ್ಲಿನ ಮೇಲೆ ಸ್ವಲ್ಪ ಮೇಣ. ಎಳೆದು ತೋರಿಸಿದೆ. ಸರ್ ಎಂದು ಹೋಯಿತು, ಸರ್ ಎಂದು ಬಂತು.

ಎಷ್ಟಾಯ್ತು ಎಂದ. ಹೇಳಿದೆ. "ಸುಮ್ನೆ ಎರಡು ಸಲ ಒತ್ತಿದ್ದಕ್ಕೆ ಅಷ್ಟಾ?" ಎಂದ. ಆಮೇಲೆ ಜೇಬು ಮುಟ್ಟಿ ನೋಡಿಕೊಂಡು, "ಸದ್ಯಕ್ಕೆ ಬರಿಗೈ ಭಾವ, ಶಿಬಿರದ ಕಂತು ಇನ್ನೂ ಎರಡಿದೆ. ಬರೆದಿಟ್ಕೊಳ್ಳಿ" ಎಂದ.

ಹೊಸ ಪುಸ್ತಕದ ಮೊದಲ ಪುಟದಲ್ಲಿ ಉದ್ರಿ ಎಂದು ಬರೆದು, ಅವನ ಹೆಸರು ಹಾಕಿದೆ. ನಾನು ಸಾಲ ಕೇಳಲು ಹೋದವನು, ಹದಿನೈದೇ ದಿನದಲ್ಲಿ ಸಾಲ ಕೊಡುವವನಾಗಿದ್ದೆ. ಅವನು ಬ್ಯಾಗಿಗೆ ಕೈ ಚಾಚಿದ. ಬ್ಯಾಂಕಿನ ಸಾಹೇಬರ ಮುಖ ಕಣ್ಣ ಮುಂದೆ ಬಂತು. ಬ್ಯಾಗನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡೆ.

"ಅಡಮಾನಕ್ಕೆ ಬೇರೆ ಏನಿದೆ?" ಎಂದು ಕೇಳಿದೆ.