ಆದಿತ್ಯವಾರ ಕಟ್ಟ ಉಂಟು, ಬರ್ತೀರಲ್ಲ?

ತಿಪಟೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ ಒಂದೇ. "ಅಣ್ಣಾ, ನಿಮ್ಮ ಕಡೆ ಮಳೆ ಹೆಂಗೆ?" ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ನನ್ನ ಹುಟ್ಟೂರು ತಿಪಟೂರಿನ ಕಡೆ 600–700 ಬಿದ್ದರೆ ಆ ವರ್ಷ ಪರವಾಗಿಲ್ಲ. ಆದರೂ ಏಪ್ರಿಲ್ ಬಂತು ಅಂದರೆ ನಾವಿಬ್ಬರೂ ಮಾತಾಡುವುದು ಒಂದೇ ವಿಷಯ. ಬೋರ್‌ವೆಲ್ ಎಷ್ಟು ಅಡಿಗೆ ಹೋಯ್ತು, ಟ್ಯಾಂಕರ್ ಎಷ್ಟಾಯ್ತು.

ಬಂದ ಹೊಸತರಲ್ಲಿ ನನಗಿದು ಅರ್ಥವೇ ಆಗಿರಲಿಲ್ಲ. ಜುಲೈಯಲ್ಲಿ ಮನೆ ಕೆಳಗಿನ ತೋಡಿನ (ಸಣ್ಣ ಹಳ್ಳದ) ಸದ್ದಿಗೆ ಟಿವಿ ಕೇಳಿಸುವುದಿಲ್ಲ. ಮಾರ್ಚಿಯಲ್ಲಿ ಅದೇ ತೋಡಿನಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಸುತ್ತ ಎಲ್ಲ ಮುರಕಲ್ಲಿನ ಗುಡ್ಡ, ಜೊತೆಗೆ ಇಳಿಜಾರು. ಬಿದ್ದ ನೀರು ಸಮುದ್ರಕ್ಕೆ ಓಡುವುದಕ್ಕೆ ಜಾಸ್ತಿ ಹೊತ್ತು ಬೇಡ. ಇದನ್ನು ಕಂಡೇ ಹಳಬರು ನೀರಿಗಾಗಿ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಸುರಂಗ ಕೊರೆದರು, ಮೇಲೆ ಮದಕ (ಮಳೆನೀರು ನಿಲ್ಲುವ ಕೆರೆ) ಮಾಡಿದರು, ತೋಡಿಗೆ ಕಟ್ಟ, ಅಂದರೆ ನೀರು ತಡೆದು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಹಾಕಿದರು. ನೀರಿನ ಬಗ್ಗೆ ಬರೆಯುವ ಪತ್ರಕರ್ತ ಶ್ರೀಪಡ್ರೆಯವರು ಇದನ್ನೆಲ್ಲ ವರ್ಷಗಟ್ಟಲೆ ಬರೆದಿದ್ದಾರೆ, ನಾನು ಹೊಸದಾಗಿ ಹೇಳುವುದೇನಿಲ್ಲ. ನನಗೆ ಹೇಳಬೇಕಿರುವುದು ಕಟ್ಟ ಹಾಕುವ ದಿನದ ಬಗ್ಗೆ ಮಾತ್ರ.

ಮಳೆಗಾಲ ಮುಗಿದು ತೋಡಿನ ಹರಿವು ಇಳಿದ ಮೇಲೆ, ಹೆಚ್ಚಾಗಿ ಡಿಸೆಂಬರಿನಲ್ಲಿ, ಪಕ್ಕದ ಮನೆಯ ಭಟ್ರು ಬೇಲಿ ಹತ್ತಿರ ನಿಂತು ಕರೆಯುತ್ತಾರೆ. "ಆದಿತ್ಯವಾರ ಕಟ್ಟ ಉಂಟು, ಬರ್ತೀರಲ್ಲ?" ಅಷ್ಟೇ ಆಮಂತ್ರಣ. ಮೊದಲ ವರ್ಷ ಏನೋ ಪೂಜೆ ಇರಬೇಕು ಅಂದುಕೊಂಡು ಬಿಳಿ ಪಂಚೆ ಉಟ್ಟು ಹೋಗಿದ್ದೆ. ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

ಕಲ್ಲಿನ ಎರಡು ಸಾಲು, ನಡುವೆ ಮಣ್ಣು. ಆ ಮಣ್ಣನ್ನು ಕಾಲಲ್ಲಿ ತುಳಿದು ಗಟ್ಟಿ ಮಾಡಬೇಕು. ಈಗ ನೀರಿನ ಕಡೆಗೆ ಪ್ಲಾಸ್ಟಿಕ್ ಶೀಟ್ ಕೂಡ ಹೊದಿಸುತ್ತಾರೆ (ಪರಿಸರದ ಕೆಲಸಕ್ಕೆ ಪ್ಲಾಸ್ಟಿಕ್ಕಾ ಅಂತ ಕೇಳಬೇಡಿ. ಮಣ್ಣಿನಲ್ಲೇ ಕಟ್ಟಬಲ್ಲ ಕೆಲಸಗಾರರು ಈಗ ಸಿಗುವುದೇ ಇಲ್ಲ). ಅವತ್ತು ಎಲ್ಲ ಮುಗಿಯಿತು ಅನ್ನುವಾಗ ಕೆಳಗಡೆ ಬುಳುಬುಳು ಅಂತ ನೀರು ಬಂತು. ನಾವೆಲ್ಲ ಅಲ್ಲಿಗೇ ಮಣ್ಣು ಸುರಿದೆವು. ದಡದಲ್ಲಿ ಕೂತಿದ್ದ ಅಜ್ಜರೊಬ್ಬರು, "ಅಲ್ಲಲ್ಲ ಮಾರಾಯ್ರೇ, ನೀರು ಬರುವುದು ಅಲ್ಲಿ, ತೂತು ಇರುವುದು ಬೇರೆ ಕಡೆ" ಅಂದರು. ಎದ್ದು ಬಂದು ಒಂದು ಹಿಡಿ ಒಣಹುಲ್ಲನ್ನು ಪುಡಿ ಮಾಡಿ ಮೇಲಿನ ನೀರಿಗೆ ಎಸೆದರು. ಹುಲ್ಲಿನ ಚೂರುಗಳು ಸ್ವಲ್ಪ ಹೊತ್ತು ತಿರುಗಿ, ಎಡಗಡೆ ಒಂದು ಕಲ್ಲಿನ ಪಕ್ಕ ಸುಳಿಯಾಗಿ ಒಳಗೆ ಹೋದವು. ಅಲ್ಲಿಗೆ ಎರಡು ಬುಟ್ಟಿ ಮಣ್ಣು ಒತ್ತಿದೆವು. ಬುಳುಬುಳು ನಿಂತಿತು.

ಆಮೇಲೆ ಅವಲಕ್ಕಿ–ಸಜ್ಜಿಗೆ, ಚಹಾ. ಸಂಜೆ ಹೊರಡುವಾಗ ನೋಡಿದರೆ, ಬೆಳಗ್ಗೆ ಚಪ್ಪಲಿ ಬಿಟ್ಟಿದ್ದ ಕಲ್ಲು ಮುಳುಗಿತ್ತು. ಚಪ್ಪಲಿ ತೇಲುತ್ತಿತ್ತು. ನಾಲ್ಕು ದಿನ ಬಿಟ್ಟು ನಮ್ಮ ಬಾವಿಯಲ್ಲಿ ಎರಡು ಮೆಟ್ಟಿಲು ನೀರು ಏರಿತ್ತು.

ಇದನ್ನು ಯಾಕೆ ಇಷ್ಟುದ್ದ ಹೇಳಿದೆ ಅಂದರೆ, ಅದಕ್ಕೆ ಕೆಲವು ತಿಂಗಳ ಹಿಂದೆ ಪೇಟೆಯಲ್ಲಿ ಹವಾಮಾನ ಬದಲಾವಣೆಯ ಸಭೆಯೊಂದಕ್ಕೆ ಹೋಗಿದ್ದೆ. ಒಳ್ಳೆಯ ಜನ, ಒಳ್ಳೆಯ ಉದ್ದೇಶ. ಪರದೆಯ ಮೇಲೆ 1.5 ಡಿಗ್ರಿ, 2050, ಕೆಂಪು ಬಣ್ಣದ ಭೂಪಟ. ಕೊನೆಗೆ "ಎಲ್ಲರೂ ಗಿಡ ನೆಡಿ" ಅಂದರು. ಅಡಿಕೆ, ತೆಂಗು, ಕಾಳುಮೆಣಸಿನ ನಡುವೆಯೇ ಹುಟ್ಟಿ ಬೆಳೆದವರಿಗೆ ಗಿಡ ನೆಡಿ ಅನ್ನುವುದು! ಹೋಗುವಾಗ ಇದ್ದ ಅಲ್ಪಸ್ವಲ್ಪ ಧೈರ್ಯವನ್ನೂ ಅಲ್ಲೇ ಬಿಟ್ಟು ಬಂದೆ. ಕಟ್ಟದ ದಿನ ಯಾರ ಬಾಯಲ್ಲೂ ಹವಾಮಾನ ಅನ್ನುವ ಪದ ಬರಲಿಲ್ಲ. ಆದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಮ್ಮೂರಲ್ಲಿ ಜನ ಸೇರುವುದಿಲ್ಲ ಅಂತಲ್ಲ. ಕೆರೆ ತುಂಬಿ ಕೋಡಿ ಬಿದ್ದರೆ ಇಡೀ ಊರು ಸೇರುತ್ತದೆ. ಬಾಗಿನ, ತಮಟೆ, ಶಾಸಕರು, ಊಟ. ಹೆಂಗಸರು ಮಕ್ಕಳು ಎಲ್ಲ ಬರುತ್ತಾರೆ. ಆ ಸಂಭ್ರಮ ಇಲ್ಲಿ ಖಂಡಿತ ಇಲ್ಲ. ಆದರೆ ಕೆರೆ ತುಂಬದ ವರ್ಷ? ಆಗ ಸೇರುವುದು ಹೇಮಾವತಿ ನಾಲೆ ನೀರು ಬಿಡಿ ಅಂತ ಹೋರಾಟಕ್ಕೆ. ಹೋರಾಟ ಬೇಡ ಅನ್ನುವುದಿಲ್ಲ, ಆ ನೀರು ನಮ್ಮ ಜಿಲ್ಲೆಗೆ ಬೇಕೇ ಬೇಕು. ಆದರೆ ಕೆರೆಗೆ ನೀರು ತರುತ್ತಿದ್ದ ಹಳ್ಳದಲ್ಲಿ ಜಾಲಿ ಬೆಳೆದಿದೆ. ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಕೆಲಸವೇ ಹೋಯಿತು. ತಮ್ಮನನ್ನು ಕೇಳಿದರೆ, "ಅರ್ಜಿ ಕೊಟ್ಟಿದ್ದೀವಲ್ಲಣ್ಣ" ಅನ್ನುತ್ತಾನೆ.

ಇಲ್ಲಿನವರು ಅರ್ಜಿ ಕೊಡುವುದಿಲ್ಲ ಅಂದುಕೊಂಡರೆ ತಪ್ಪು. ಕೇರಳದಲ್ಲಿ ಅರ್ಜಿ, ಸಭೆ, ರಿಜಿಸ್ಟರು ಎಲ್ಲ ಜಾಸ್ತಿಯೇ. 1996ರಲ್ಲಿ ಊರಿನ ಯೋಜನೆಯನ್ನು ಊರವರೇ ಮಾಡುವ ಜನಕೀಯ ಯೋಜನೆ ಶುರುವಾದಾಗಿನಿಂದ ಸಭೆ ಸೇರುವುದು ಇವರಿಗೆ ಅಭ್ಯಾಸವಾಗಿಬಿಟ್ಟಿದೆ. ವಾರ್ಡಿಗೊಂದು ಗ್ರಾಮಸಭೆ. ಕಾನೂನಿನ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ನೂರಕ್ಕೆ ಹತ್ತು ಮತದಾರರಾದರೂ ಬರಬೇಕು. 1998ರಲ್ಲಿ ಹೆಂಗಸರ ಸ್ವಸಹಾಯದ ಸರ್ಕಾರಿ ಯೋಜನೆ ಕುಟುಂಬಶ್ರೀ ಬಂತು. ಹತ್ತಿಪ್ಪತ್ತು ಹೆಂಗಸರ ಅಯಲ್‌ಕೂಟಗಳು (ನೆರೆಮನೆಯವರ ಗುಂಪುಗಳು) ಬಂದವು. ನನ್ನ ಹೆಂಡತಿಯೂ ಒಂದು ಕೂಟದಲ್ಲಿದ್ದಾಳೆ. ಸಾಲದ ಲೆಕ್ಕ ಮುಗಿದ ಮೇಲೆ ತರಕಾರಿ ಬೀಜ, ಬಾವಿ ನೀರು, ಪ್ಲಾಸ್ಟಿಕ್, ಹೀಗೆ ಮಾತು ಹೋಗುತ್ತದಂತೆ.

ಪ್ಲಾಸ್ಟಿಕ್ ಅಂದಾಗ ಒಂದು ಮಾತು. ಹಾಲಿನ ಪ್ಯಾಕೆಟ್ಟನ್ನು ನಾನು ಬಚ್ಚಲೊಲೆಗೆ ಹಾಕಿ ಬೆಂಕಿ ಹೊತ್ತಿಸುತ್ತಿದ್ದೆ. ನಮ್ಮೂರಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಈಗ ತಿಂಗಳಿಗೊಮ್ಮೆ ಪಂಚಾಯತಿಗಾಗಿ ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯ ಇಬ್ಬರು ಹೆಂಗಸರು ಮನೆ ಬಾಗಿಲಿಗೆ ಬಂದು, 50 ರೂಪಾಯಿ ತೆಗೆದುಕೊಂಡು, ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ಒಯ್ಯುತ್ತಾರೆ. ನಾನು ಸುಡುವುದನ್ನು ಬಿಟ್ಟದ್ದು ಜ್ಞಾನೋದಯವಾಗಿ ಏನಲ್ಲ. "ಹೊಗೆ ವಾಸನೆ ಬಂದರೆ ಕೂಟದಲ್ಲಿ ಮಾತು ಬರುತ್ತೆ" ಅಂತ ಹೆಂಡತಿ ಗದರಿಸಿದಳು, ಅದಕ್ಕೆ.

ಹೊಗಳಿದ್ದು ಸಾಕು. ಇಲ್ಲೂ ಹುಳುಕಿದೆ. ಒಮ್ಮೆ ಬೇಸಿಗೆಯ ನೀರಿನ ಬಗ್ಗೆ ಸಭೆಗೆ ಕರೆದ ಕಾಗದ ಬರೀ ಮಲಯಾಳದಲ್ಲಿತ್ತು. ಮಗ ಶಾಲೆಯಿಂದ ಬಂದು ಓದಿ ಹೇಳುವಷ್ಟರಲ್ಲಿ ಸಭೆ ಮುಗಿದಿತ್ತು. ನನ್ನದು ಹೋಗಲಿ. ಹುಲ್ಲಿನ ಚೂರು ಎಸೆದು ತೂತು ಹುಡುಕಿದ ಅಜ್ಜರಿಗೆ ಯಾವ ಗುಡ್ಡದಲ್ಲಿ ಯಾವ ಮದಕ ಮುಚ್ಚಿಹೋಗಿದೆ ಅಂತ ಬಾಯಿಪಾಠ. ಅದು ಕನ್ನಡದಲ್ಲಿದೆ, ತುಳುವಿನಲ್ಲಿದೆ. ಸಭೆಯಲ್ಲಿ ಅವರು ಹಿಂದಿನ ಕುರ್ಚಿಯಲ್ಲಿ ಸುಮ್ನೆ ಕೂತು, ಸಹಿ ಹಾಕಿ ಬರುತ್ತಾರೆ. ನೀರಿನ ಯೋಜನೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ನಷ್ಟ ಇಲ್ಲ ಅಂತ ನನ್ನ ಅನಿಸಿಕೆ.

ಕಟ್ಟದಲ್ಲೂ ಎಲ್ಲ ಸರಿಯಿಲ್ಲ. ಖರ್ಚು ಹಂಚಿಕೊಳ್ಳುವುದು ತೋಟದ ಲೆಕ್ಕದಲ್ಲಿ. ಹಾಗಾಗಿ ತೋಟ ಇಲ್ಲದವರನ್ನು ಯಾರೂ ಕರೆಯುವುದಿಲ್ಲ, ಅವರ ಬಾವಿಗೂ ಅದೇ ನೀರು ಇಳಿಯುತ್ತದೆ ಅಲ್ವಾ? ಹೆಂಗಸರದ್ದು ಬೇರೆ ಕೂಟ, ಗಂಡಸರದ್ದು ಬೇರೆ ಕಟ್ಟ. ಬೋರ್‌ವೆಲ್ ಇರುವ ಒಬ್ಬರು ಬರುವುದನ್ನೇ ಬಿಟ್ಟಿದ್ದಾರೆ. ದುಡ್ಡು ಮಾತ್ರ ಮರೆಯದೆ ಕಳಿಸುತ್ತಾರೆ. ಭಟ್ರು ಪ್ರತಿ ವರ್ಷ ಅವರಿಗೂ ಫೋನ್ ಮಾಡುತ್ತಾರೆ.

2024ರಲ್ಲಿ ಮಳೆ ಬೇಗ ನಿಂತಿತು ಅಂತ ನವೆಂಬರ್ ಕೊನೆಗೇ ಕಟ್ಟ ಹಾಕಿದ್ದೆವು. ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಹತ್ತಿ, ಅದರ ಉಳಿಕೆ ನಮ್ಮ ಮೇಲೆ ಬಂತು. ಡಿಸೆಂಬರ್ ಮೊದಲ ವಾರ ಜುಲೈಯಂಥ ಮಳೆ. ಕಟ್ಟ ಹೋಯಿತು, ಶೀಟ್ ಕೆಳಗಿನ ತೋಟದ ಅಡಿಕೆ ಮರಕ್ಕೆ ಸುತ್ತಿಕೊಂಡಿತ್ತು. ಮರುದಿನ ಎಂಟು ಜನ ದಡದಲ್ಲಿ ನಿಂತು ಕೆಂಪು ನೀರು ನೋಡಿದೆವು. ಯಾರೋ, "ಇನ್ನು ಕ್ಯಾಲೆಂಡರ್ ನೋಡಿ ಪ್ರಯೋಜನ ಇಲ್ಲ" ಅಂದರು. ಹದಿನೈದು ದಿನ ಬಿಟ್ಟು ಮತ್ತೆ ಕಟ್ಟಿದೆವು. ಖರ್ಚು ಎರಡು ಸಲ ಆಯಿತು ಅಂತ ಗೊಣಗಾಟ ಜೋರಾಗಿಯೇ ಇತ್ತು.

ಮೊನ್ನೆ ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಹಳ್ಳದ ಜಾಲಿ ಕಡಿಯಲು ಎಷ್ಟು ಜನ ಬೇಕಾಗುತ್ತೆ ಅಂತ ಲೆಕ್ಕ ಹಾಕತೊಡಗಿದ. ಆಮೇಲೆ, "ಊಟಕ್ಕೆ ಏನು ಮಾಡ್ಸೋದು?" ಅಂದ. ಮುದ್ದೆ ಮಾಡ್ಸು ಅಂದೆ. ಈ ಸಲ ಡಿಸೆಂಬರ್ ಎರಡನೇ ವಾರಕ್ಕೆ ಮೊದಲು ಕಟ್ಟ ಬೇಡ ಅಂತ ಇಲ್ಲಿ ಮಾತಾಗಿದೆ. ಹೊಸ ಶೀಟ್ ತರುವ ಕೆಲಸ ನನ್ನ ತಲೆಗೆ ಬಿದ್ದಿದೆ. ಅಳತೆ ಇನ್ನೂ ಯಾರೂ ಸರಿಯಾಗಿ ಹೇಳಿಲ್ಲ.