ಸಾಹೇಬರನ್ನು ಸಾಯಿಸೋ ಬದಲು ನಿವೃತ್ತಿ ಮಾಡಬಾರದಿತ್ತಾ?

ಕಾಲು ಗಂಟೆ ಆಯ್ತು, ಇನ್ನೂ ಒಂದು ಹೆಣ ಬಿದ್ದಿಲ್ಲ. ಇದೆಂಥ ಸಿಐಡಿ ರೀ?

ಸೋನಿ ಟಿವಿಯ ಹಿಂದಿ ಪತ್ತೇದಾರಿ ಧಾರಾವಾಹಿ ‘ಸಿಐಡಿ’ಗೆ ನಾನು ಎಂಥ ಹುಚ್ಚ ಅಂತ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಕಾಲೇಜಿನಲ್ಲಿ ನನಗೆ ಅದರ ಫೊರೆನ್ಸಿಕ್ ಡಾಕ್ಟರ ಹೆಸರನ್ನೇ, ‘ಡಾಕ್ಟರ್ ಸಾಳುಂಕೆ’ ಅಂತ ಇಟ್ಟವರು ಇದೇ ಫ್ರೆಂಡ್ ಲಿಸ್ಟಿನಲ್ಲಿ ಇದ್ದೀರಿ. ನಿನ್ನೆ ಊಟ ಮುಗಿಸಿ ನೆಟ್‌ಫ್ಲಿಕ್ಸ್‌ನಲ್ಲಿ ಹೊಸ ಸೀಸನ್ನಿನ ಒಂದು ಕಂತು ಹಾಕಿದೆ. ಒಬ್ಬ ಆಫೀಸರ್ ಇನ್ನೊಬ್ಬನನ್ನು ಗುರಾಯಿಸಿದ. ಅವನು ಕಣ್ಣಲ್ಲಿ ನೀರು ತಂದುಕೊಂಡ. ಹಿಂದೆ ಪಿಟೀಲು. ಸತ್ತವರು ಯಾರು, ಸಾಯಿಸಿದವರು ಯಾರು ಅನ್ನೋದು ಯಾರಿಗೂ ಬೇಕಾಗಿಲ್ಲ. ಟಿವಿ ಆಫ್ ಮಾಡಿ ಇದನ್ನು ಬರೆಯೋಕೆ ಕೂತೆ.

1998ರ ಜನವರಿಯಿಂದ 2018ರ ಅಕ್ಟೋಬರ್‌ವರೆಗೆ ಓಡಿದ ಧಾರಾವಾಹಿ. ಒಂದೂವರೆ ಸಾವಿರಕ್ಕೂ ಜಾಸ್ತಿ ಕಂತು. ನಮ್ಮ ಹುಬ್ಬಳ್ಳಿ ವಿದ್ಯಾನಗರದ ಮನೆಯಲ್ಲಿ ಅದು ಬರೀ ನೋಡೋ ವಿಷಯ ಆಗಿರಲಿಲ್ಲ, ಪಂದ್ಯ. ಹೆಣ ಸಿಕ್ಕ ಕೂಡಲೇ ಕೊಲೆಗಾರ ಯಾರು ಅಂತ ಎಲ್ಲರೂ ಹೆಸರು ಹೇಳಬೇಕು. ಸೋತವರು ಮರುದಿನ ಗಿರ್ಮಿಟ್, ಮಿರ್ಚಿ ತರಬೇಕು. ಅವ್ವನಿಗೆ ಬರುತ್ತಿದ್ದದ್ದು ಕಾಯಿಪಲ್ಲೆ ಕೊಳ್ಳುವಷ್ಟು ಹಿಂದಿ. ಆದರೂ ಅಡುಗೆಮನೆಯಿಂದಲೇ ತೀರ್ಪು ಬರುತ್ತಿತ್ತು: “ಅಳಿಯಾನ ಮಾಡಿರ್ತಾನ ತಗೋ. ಇಲ್ಲಂದ್ರ ಅವ ಯಾಕ ಅಷ್ಟ ಅಳಾಕತ್ತಾನ?” ಸಾಳುಂಕೆ ಲ್ಯಾಬಿನಲ್ಲಿ ಒಡೆದ ಬಳೆ ಚೂರು, ಕೂದಲು, ಅಂಗಿ ಗುಂಡಿ ಅಂತ ಅರ್ಧ ಗಂಟೆ ತಿಣುಕಿ ಕೊನೆಗೆ ಅಳಿಯನನ್ನೇ ಹಿಡಿಯುತ್ತಿದ್ದರು. ಅಪ್ಪ ತಣ್ಣಗೆ ಜೇಬಿಗೆ ಕೈ ಹಾಕುತ್ತಿದ್ದರು.

ಆ ಆಟ ನಡೆಯೋಕೆ ಒಂದು ಕೇಸು ಬೇಕು. ಅಷ್ಟೇ ನನ್ನ ತಕರಾರು. ಯಾರದೋ ಮನೆಯ ಸಾವು, ಹೊರಗಿಂದ ಬರುವ ಪೊಲೀಸರು, ನಮ್ಮ ಕಣ್ಣೆದುರೇ ಇಟ್ಟ ಸುಳಿವು. ಈಗ ಕೇಸೇ ಇವರ ಮನೆಯದು. 2024ರ ಡಿಸೆಂಬರ್‌ನಲ್ಲಿ ವಾಪಸ್ ಬಂದಾಗ ಪ್ರೋಮೋದಲ್ಲೇ ಇನ್‌ಸ್ಪೆಕ್ಟರ್ ಅಭಿಜೀತ್ ತನ್ನ ಜೀವದ ಗೆಳೆಯ ಇನ್‌ಸ್ಪೆಕ್ಟರ್ ದಯಾನ ಮೇಲೆ ಗುಂಡು ಹಾರಿಸಿದ. ಅಭಿಜೀತ್! ದಯಾನ ಮೇಲೆ! ರಾಮ ಲಕ್ಷ್ಮಣನಿಗೆ ಬಾಣ ಬಿಟ್ಟ ಹಾಗೆ. ಅವತ್ತೇ ನನಗೆ ಡೌಟು ಬಂದಿತ್ತು.

ಆಮೇಲೆ 2025ರ ಏಪ್ರಿಲ್. ತಂಡದ ಮುಖ್ಯಸ್ಥ, ನಮ್ಮ ಸಾಹೇಬರು ಎಸಿಪಿ ಪ್ರದ್ಯುಮನ್ ಬಾಂಬ್ ಸ್ಫೋಟದಲ್ಲಿ ಸತ್ತರಂತೆ. ಚಾನೆಲ್‌ನವರು ಥೇಟ್ ಶ್ರದ್ಧಾಂಜಲಿ ಥರದ ಪೋಸ್ಟ್ ಹಾಕಿದರು. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟಿದ್ದೆ, ನವನಗರದ ಹತ್ತಿರ ಮೊಬೈಲಿನಲ್ಲಿ ಅದು ಕಾಣಿಸಿತು. ನಗಬೇಡಿ, ಗಂಟಲು ಕಟ್ಟಿತು. ಯಾಕಂದ್ರೆ 2023ರ ಡಿಸೆಂಬರ್‌ನಲ್ಲಿ ನಮ್ಮ ಫ್ರೆಡ್ರಿಕ್ಸ್, ಅಂದರೆ ಆ ಪಾತ್ರ ಮಾಡುತ್ತಿದ್ದ ನಟ ದಿನೇಶ್ ಫಡ್ನಿಸ್, ನಿಜವಾಗಿಯೇ ತೀರಿಕೊಂಡಿದ್ದರು. ಅಂಥ ಸುದ್ದಿ ಒಮ್ಮೆ ನೋಡಿದವರಿಗೆ ಇಂಥ ತಮಾಷೆ ಮಾಡ್ತಾರಾ? ಅದೂ ಸುಮ್ನೆ ತಮಾಷೆಯೇ. ಸ್ವಲ್ಪ ದಿನಕ್ಕೆ ಸಾಹೇಬರು ಎದ್ದು ಬಂದರು. ಅವ್ವ ಅದನ್ನು ನೋಡಿ ಕೇಳಿದ್ದು ಒಂದೇ ಮಾತು: “ಸತ್ತವರನ್ನ ಹಿಂಗ ಎಬ್ಬಸೂದಾದ್ರ ಕೊಲಿ ಮಾಡಿದವಂಗ ಫಾಶಿ ಯಾಕ ಕೊಡಬೇಕು?”

ಬರೆಯೋರಿಗೆ ಇದರ ಉತ್ತರ ಗೊತ್ತಿದ್ದರೆ ಹೇಳಲಿ. ಕೊಲೆಯ ಕಥೆಯಲ್ಲಿ ಸಾವಿಗೇ ಬೆಲೆ ಇಲ್ಲ ಅಂದಮೇಲೆ ನಾನು ಯಾವುದರ ಮೇಲೆ ಪಂದ್ಯ ಕಟ್ಟಲಿ?

ಗೊತ್ತು, ಕೆಲವರು ಈಗಲೇ ಟೈಪ್ ಮಾಡ್ತಿದ್ದೀರಿ. ಹಳೆಯದೇನು ಭಾರಿ ಇತ್ತಾ? ಟೆಸ್ಟ್‌ಟ್ಯೂಬಿನಲ್ಲಿ ಬಣ್ಣದ ನೀರು, ಒಂದು ಕಪಾಳಕ್ಕೆ ಪೂರ್ತಿ ತಪ್ಪೊಪ್ಪಿಗೆ, ಚಿಲಕ ಇದ್ದರೂ ಮುರಿಯೋ ಬಾಗಿಲು. ಆಯ್ತು ಮಾರಾಯ್ರೇ, ಒಪ್ಪಿದೆ. ಆದರೆ ಕಪಾಳಕ್ಕೆ ಬಿದ್ದಾಗ ಕೇಸು ಮುಗಿಯುತ್ತಿತ್ತಲ್ವಾ? ಇನ್ನೊಂದು ಮಾತು. ಇದೇ ತಂಡ 2004ರಲ್ಲಿ 111 ನಿಮಿಷದ ಕಂತನ್ನು ಒಂದೂ ಕಟ್ ಇಲ್ಲದೆ ಒಂದೇ ಶಾಟ್‌ನಲ್ಲಿ ತೆಗೆದಿತ್ತು. ಧಾರಾವಾಹಿ ಹುಟ್ಟುಹಾಕಿದ ನಿರ್ದೇಶಕ ಬಿ.ಪಿ. ಸಿಂಗ್ ಅವರ ಆ ಸಾಹಸಕ್ಕೆ ಗಿನ್ನೆಸ್ ದಾಖಲೆಯೂ ಸಿಕ್ಕಿತು. ಹುಚ್ಚುತನ ಆಗಲೂ ಇತ್ತು, ಆದರೆ ಕೆಲಸದ ಮೇಲಿನ ಹುಚ್ಚು ಅದು. ಈಗ ಒಬ್ಬರು ತಿರುಗಿ ನೋಡಿದರೆ ಮೂರು ಕಡೆಯಿಂದ ಸ್ಲೋ ಮೋಷನ್.

ಪ್ರದ್ಯುಮನ್ ಪಾತ್ರದ ಶಿವಾಜಿ ಸಾಟಂ ಅವರಿಗೆ ಎಪ್ಪತ್ತೈದು ದಾಟಿದೆ. ವಿಶ್ರಾಂತಿ ಬೇಕಿದ್ದರೆ ಅದಕ್ಕೂ ದಾರಿ ಇತ್ತಲ್ಲ. ನಮ್ಮ ಕಾಕಾ ಪೊಲೀಸ್ ಇಲಾಖೆಯಿಂದ ನಿವೃತ್ತರಾದ ದಿನ ಠಾಣೆಯಲ್ಲೇ ಶಾಮಿಯಾನ ಹಾಕಿ, ಪೇಟ ಸುತ್ತಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಜೀಪಿನಲ್ಲಿ ಮನೆತನಕ ಬಿಟ್ಟು ಬಂದರು. ಅರವತ್ತಕ್ಕೆ. ಇಷ್ಟು ವರ್ಷ ಒಂದು ಬಡ್ತಿಯೂ ಸಿಗದೆ ಎಸಿಪಿಯಾಗೇ ದುಡಿದ ಮನುಷ್ಯನಿಗೆ (ಯಾವ ಸರ್ಕಾರ ರೀ ಅದು?) ಅಂಥದ್ದೊಂದು ಕಂತು ಬರೆಯೋಕೆ ಏನು ಧಾಡಿ? ಕೊನೆಯ ದಿನ ಒಂದು ಸಣ್ಣ ಕೇಸು ಕೊಡಿ. ಬಿಡಿಸಲಿ. ಯಾವಾಗಿನ ಹಾಗೆ ಬೆರಳು ತಿರುಗಿಸುತ್ತಾ ಹೊರಗೆ ನಡೆಯಲಿ. ನಾನು ಅದಕ್ಕೂ ಅಳ್ತಿದ್ದೆ, ಆದರೆ ಮೋಸ ಹೋದೆ ಅನ್ನಿಸುತ್ತಿರಲಿಲ್ಲ.

ಟಿಆರ್‌ಪಿ ಬೇಕಲ್ವಾ ಅಂತ ಮಾತ್ರ ಹೇಳಬೇಡಿ. ಇಪ್ಪತ್ತು ವರ್ಷ ಟಿಆರ್‌ಪಿ ಕೊಟ್ಟವರು ನಾವೇ, ಕೇಸು ನೋಡಿ ಕೊಟ್ಟಿದ್ದು.

“ಮುಂದೆ ಮುಂದೆ ಚೆನ್ನಾಗಾಗುತ್ತೆ, ತಾಳ್ಮೆಯಿಂದ ನೋಡಿ” ಅನ್ನೋರು ಒಂದು ಉಪಕಾರ ಮಾಡಿ. ಯಾವ ಕಂತಿನಲ್ಲಿ ಕೇಸಿದೆ, ನಂಬರ್ ಸಮೇತ ಕೆಳಗೆ ಬರೀರಿ. ಆಫೀಸರ್‌ಗಳ ಪೈಕಿ ಯಾರೂ ಸಾಯಬಾರದು, ಸತ್ತವರು ಏಳಬಾರದು. ಅಂಥದ್ದು ಸಿಕ್ಕರೆ ಇವತ್ತು ರಾತ್ರಿಯೇ ನೋಡ್ತೀನಿ.